ಕಲಬುರಗಿಯಲ್ಲಿ ಪಶ್ಚಿಮಕ್ಕೆ ಮುಖ ಮಾಡಿದ ಮನೆಗೆ ಪಡಸಾಲೆ: ಅಗಲ ಎಷ್ಟಿರಬೇಕು, ಛಾವಣಿ ಯಾವುದು, ಬುನಾದಿ ಹೇಗೆ?

ಪಡುವಣ_ಬಾಗಿಲು (ಕಲಬುರಗಿ):

ಎಲ್ಲರಿಗೂ ನಮಸ್ಕಾರ. ಕಲಬುರಗಿಯ ಹೊರವಲಯದ ಬಡಾವಣೆಯೊಂದರಲ್ಲಿ 30×50 ಅಡಿ ನಿವೇಶನದಲ್ಲಿ ನಮ್ಮ ಮನೆಯಿದೆ. ಮನೆ ನೇರ ಪಶ್ಚಿಮಕ್ಕೆ ಮುಖ ಮಾಡಿದ್ದು, ಮುಂದಿನ ಗೋಡೆ 24 ಅಡಿ ಉದ್ದವಿದೆ. ಅಲ್ಲಿಂದ ಕಾಂಪೌಂಡಿನವರೆಗೆ 15 ಅಡಿ, ಹಿಂದೆ ಪೂರ್ವದ ಕಡೆ 9 ಅಡಿ ಖಾಲಿ ಜಾಗವಿದೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಬಿಸಿಲು 42–43 ಡಿಗ್ರಿ ಮುಟ್ಟಿದ ದಿನಗಳಲ್ಲಿ ಮುಂದಿನ ಕೋಣೆಯ ಗೋಡೆಯನ್ನು ರಾತ್ರಿ ಊಟವಾದ ಮೇಲೆ ಒಳಗಿನಿಂದ ಮುಟ್ಟಿ ನೋಡಿದರೂ ಬೆಚ್ಚಗೇ ಇರುತ್ತದೆ. ಹಾಗಾಗಿ ಮುಂದೆ ಒಂದು ಪಡಸಾಲೆ ಕಟ್ಟಿಸುವ ವಿಚಾರ ಮಾಡಿದ್ದೇವೆ.

ನಾವು ಮಾತನಾಡಿಸಿದ ಗುತ್ತಿಗೆದಾರರು 12 ಅಡಿ ಅಗಲದ ಆರ್‌ಸಿಸಿ ಸ್ಲ್ಯಾಬನ್ನು ಹಳೆಯ ಸ್ಲ್ಯಾಬಿಗೆ ಸರಳು ಕೂಡಿಸಿ ಹಾಕೋಣ, ಎಷ್ಟು ಅಗಲವೋ ಅಷ್ಟು ತಂಪು ಎನ್ನುತ್ತಾರೆ. ಇದು ಸರಿಯೇ? ಇನ್ನೊಂದು ಮಾತನ್ನೂ ಹೇಳಿಬಿಡುತ್ತೇನೆ. ನಮ್ಮ ತಾಯಿಯವರಿಗೆ ಎಪ್ಪತ್ತು ದಾಟಿದೆ. ಸಂಜೆ ಹೊತ್ತು ಹೊರಗೆ ಕುಳಿತು ಬೀದಿ ನೋಡಬೇಕು, ಹೋಗಿಬರುವವರನ್ನು ಮಾತನಾಡಿಸಬೇಕು ಎಂಬುದು ಅವರ ಆಸೆ. ತಿಳಿದವರು ದಯವಿಟ್ಟು ಸಲಹೆ ಕೊಡಿ.

ನೆರಳು_ಲೆಕ್ಕ (ಧಾರವಾಡ, ಕಟ್ಟಡ ವಿನ್ಯಾಸ):

ಸರ್, ನಿಮ್ಮ ಪ್ರಶ್ನೆಯಲ್ಲಿ ಎರಡು ಬೇರೆ ಬೇರೆ ಬೇಡಿಕೆಗಳಿವೆ. ಗೋಡೆಯನ್ನು ಬಿಸಿಲಿನಿಂದ ಕಾಯುವ ಪಡಸಾಲೆ ಒಂದು. ಮನುಷ್ಯರು ಕುಳಿತುಕೊಳ್ಳುವ ಪಡಸಾಲೆ ಇನ್ನೊಂದು. ಪಶ್ಚಿಮದ ಗೋಡೆಗೆ ಮೊದಲನೆಯದು ಅತ್ಯಗತ್ಯ, ಆದರೆ ಮೇ ತಿಂಗಳ ಸಂಜೆ ಕುಳಿತುಕೊಳ್ಳುವುದಕ್ಕೆ ಇಡೀ ಮನೆಯಲ್ಲಿ ಅದಕ್ಕಿಂತ ಕೆಟ್ಟ ಜಾಗ ಬೇರೊಂದಿಲ್ಲ. ನಿಮ್ಮ ಹಿತ್ತಲಿನ ಪೂರ್ವದ ಜಾಗವು ಮಧ್ಯಾಹ್ನ ಕಳೆದ ಮೇಲೆ ಮನೆಯ ನೆರಳಿನಲ್ಲೇ ಇರುತ್ತದೆ. ತಾಯಿಯವರಿಗೆ ಬೀದಿ ಕಾಣಬೇಕು ಎನ್ನದಿದ್ದರೆ ನಾನು ಕುಳಿತುಕೊಳ್ಳುವ ಪಡಸಾಲೆಯನ್ನು ಹಿಂದಕ್ಕೇ ಹಾಕಿ, ಮುಂದೆ ಐದಾರು ಅಡಿಯ ನೆರಳು ಮಾತ್ರ ಕೊಡಿ ಎನ್ನುತ್ತಿದ್ದೆ.

ಅಗಲದ ವಿಷಯದಲ್ಲಿ ಗುತ್ತಿಗೆದಾರರ ಮಾತನ್ನು ನೀವೇ ಪರೀಕ್ಷಿಸಬಹುದು. ಸಮತಟ್ಟಾದ ನೆಲದಲ್ಲಿ ಒಂದು ಅಡಿ ಉದ್ದದ ಕೋಲನ್ನು ನೆಟ್ಟಗೆ ನಿಲ್ಲಿಸಿ, ಸಂಜೆ ಅದರ ನೆರಳು ಎಷ್ಟು ಅಡಿ ಬೀಳುತ್ತದೆ ಎಂದು ಅಳೆಯಿರಿ. ಪಡಸಾಲೆಯ ಅಗಲವನ್ನು ಆ ನೆರಳಿನ ಉದ್ದದಿಂದ ಭಾಗಿಸಿದರೆ, ಸೂರಿನ ಅಂಚಿನ ಮಟ್ಟದಿಂದ ಕೆಳಗೆ ಗೋಡೆಯ ಎಷ್ಟು ಭಾಗ ನೆರಳಿನಲ್ಲಿರುತ್ತದೆ ಎಂಬುದು ಸಿಗುತ್ತದೆ. ಸೂರ್ಯ ಸರಿಯಾಗಿ ಗೋಡೆಯ ಎದುರಿಗಿರುವಾಗ ಈ ಲೆಕ್ಕ ಚೊಕ್ಕವಾಗಿ ಹೊಂದುತ್ತದೆ. ನಿಮ್ಮ ಊರಿನಲ್ಲಿ ಬೇಸಿಗೆಯ ಸಂಜೆ ಬಹುಮಟ್ಟಿಗೆ ಹಾಗೆಯೇ ಇರುತ್ತದೆ.

ಕಲಬುರಗಿಯು ಸುಮಾರು 17.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಭಾರತೀಯ ಕಾಲಮಾನವನ್ನು 82.5 ಡಿಗ್ರಿ ಪೂರ್ವ ರೇಖಾಂಶಕ್ಕೆ ಹೊಂದಿಸಿರುವುದರಿಂದ, ಅದಕ್ಕಿಂತ ಪಶ್ಚಿಮದಲ್ಲಿರುವ ನಿಮ್ಮಲ್ಲಿ ಸೂರ್ಯ ನೆತ್ತಿಗೆ ಬರುವಾಗ ಗಡಿಯಾರ ಹನ್ನೆರಡು ದಾಟಿ ಇಪ್ಪತ್ತು ನಿಮಿಷ ತೋರಿಸುತ್ತಿರುತ್ತದೆ. ಮೇ ಮಧ್ಯದಲ್ಲಿ ಸಂಜೆ 4.20ಕ್ಕೆ ಸೂರ್ಯ ದಿಗಂತದಿಂದ 33 ಡಿಗ್ರಿ ಎತ್ತರದಲ್ಲಿರುತ್ತಾನೆ, ಕೋಲಿನ ನೆರಳು ಒಂದೂವರೆ ಅಡಿ ಇರುತ್ತದೆ, 5.20ಕ್ಕೆ 19 ಡಿಗ್ರಿಗೆ ಇಳಿದು ನೆರಳು ಹೆಚ್ಚುಕಡಿಮೆ ಮೂರು ಅಡಿಯಾಗುತ್ತದೆ. ಸೂರಿನ ಅಂಚು ನೆಲದಿಂದ ಎಂಟು ಅಡಿ ಎತ್ತರದಲ್ಲಿದೆ ಎಂದುಕೊಳ್ಳಿ. ಎಂಟು ಅಡಿ ಅಗಲದ ಪಡಸಾಲೆಯಲ್ಲಿ 4.20ಕ್ಕೆ ಗೋಡೆಯ ಕೆಳಗಿನ ಎರಡೂಮುಕ್ಕಾಲು ಅಡಿ ಮಾತ್ರ ಬಿಸಿಲಿಗೆ ಸಿಗುತ್ತದೆ, 5.20ಕ್ಕೆ ಐದೂಕಾಲು ಅಡಿ ಸಿಗುತ್ತದೆ. ಅಗಲವನ್ನು ಹನ್ನೆರಡಕ್ಕೆ ಏರಿಸಿದರೆ 4.20ಕ್ಕೆ ಪೂರ್ತಿ ನೆರಳಾಗುವುದು ನಿಜ, ಆದರೆ 5.20ಕ್ಕೆ ಆಗಲೂ ನಾಲ್ಕು ಅಡಿ ಬಿಸಿಲು ಬೀಳುತ್ತದೆ. ಛಾವಣಿಯ ಖರ್ಚನ್ನು ಒಂದೂವರೆ ಪಟ್ಟು ಮಾಡಿಕೊಂಡು ಆ ಹೊತ್ತಿನಲ್ಲಿ ನೀವು ಗಳಿಸಿದ್ದು ಒಂದೂಕಾಲು ಅಡಿ.

ಬದಲಿಗೆ ಎಂಟು ಅಡಿಯ ಪಡಸಾಲೆಯ ಸೂರಿನಿಂದ ನಾಲ್ಕು ಅಡಿಯ ಬಿದಿರಿನ ತಟ್ಟಿಯನ್ನು ಇಳಿಬಿಟ್ಟರೆ, ಬಿಸಿಲಿನ ಪಾಲಿಗೆ ಸೂರೇ ನಾಲ್ಕು ಅಡಿ ಕೆಳಗಿಳಿದಂತಾಗುತ್ತದೆ. 4.20ಕ್ಕೆ ಗೋಡೆ ಪೂರ್ತಿ ನೆರಳು, 5.20ಕ್ಕೆ ಬುಡದ ಒಂದೂಕಾಲು ಅಡಿ ಮಾತ್ರ ಬಿಸಿಲು. ಪಶ್ಚಿಮದ ಬಿಸಿಲನ್ನು ಅಗಲದಿಂದ ಗೆಲ್ಲಲಾಗುವುದಿಲ್ಲ, ಅಡ್ಡ ಮರೆಯಿಂದಲೇ ಗೆಲ್ಲಬೇಕು.

ಪಡುವಣ_ಬಾಗಿಲು:

ಮೇಡಂ, ಬಹಳ ಉಪಕಾರವಾಯಿತು. ಇಂದು ಸಂಜೆ 4.20ಕ್ಕೆ ಕೋಲು ನಿಲ್ಲಿಸಿ ಅಳೆದೆವು. ಇನ್ನೂ ಏಪ್ರಿಲ್ ಮಧ್ಯವಾದ್ದರಿಂದ ಇರಬೇಕು, ನೆರಳು ಒಂದು ಅಡಿ ಏಳೂವರೆ ಅಂಗುಲ ಬಂದಿತು. ಹಿಂದಿನ ಪಡಸಾಲೆಯ ಮಾತನ್ನು ತಾಯಿಯವರ ಮುಂದೆ ಇಟ್ಟೆ. ಹಿತ್ತಲಲ್ಲಿ ಕುಳಿತು ನೀರಿನ ಟ್ಯಾಂಕನ್ನು ನೋಡಲೇ ಎಂದು ಕೇಳಿದರು. ಆದ್ದರಿಂದ ಪಡಸಾಲೆ ಮುಂದೆಯೇ ಆಗಬೇಕು. ಅಗಲ ಎಂಟು ಅಡಿ ಸಾಕಾದರೆ ಸಂತೋಷ. ಅದಕ್ಕೂ ಕಡಿಮೆ ಮಾಡಿದರೆ ಏನಾಗುತ್ತದೆ?

ನೆರಳು_ಲೆಕ್ಕ:

ನೆರಳಿಗೆ ಆರು ಅಡಿ ಮತ್ತು ತಟ್ಟಿ ಸಾಕಾಗಬಹುದು, ಬಳಕೆಗೆ ಸಾಲದು. ಗೋಡೆಗೆ ಒರಗಿಸಿದ ಕುರ್ಚಿ ಎರಡೂವರೆ ಅಡಿ, ಚಾಚಿದ ಕಾಲು ಒಂದೂವರೆ ಅಡಿ, ಅದರ ಮುಂದೆ ಒಬ್ಬರು ದಾಟಿ ಹೋಗಲು ಮೂರು ಅಡಿ ಎಂದರೆ ಏಳಾಯಿತು. ಹೊರಸನ್ನು ಅಡ್ಡ ಹಾಕಿ ಮಲಗುವವರಿದ್ದರೆ ಅದರ ಉದ್ದವೇ ಆರೂವರೆ ಅಡಿ. ಎಂಟಕ್ಕಿಂತ ಕೆಳಗೆ ಇಳಿಯಬೇಡಿ. ಹತ್ತಕ್ಕಿಂತ ಮೇಲೆ ಹೋದರೆ ಮುಂದಿನ ಕೋಣೆ ಹಗಲಲ್ಲೇ ದೀಪ ಬೇಡುವಷ್ಟು ಕತ್ತಲಾಗುತ್ತದೆ.

ಮೇ ಮತ್ತು ಜೂನ್‌ನಲ್ಲಿ ಸೂರ್ಯ ಸರಿಯಾಗಿ ಪಶ್ಚಿಮದಲ್ಲಿ ಮುಳುಗುವುದಿಲ್ಲ, ಹದಿನೈದರಿಂದ ಇಪ್ಪತ್ತೈದು ಡಿಗ್ರಿಯಷ್ಟು ಉತ್ತರಕ್ಕೆ ಸರಿದಿರುತ್ತಾನೆ. ಆದ್ದರಿಂದ ತಟ್ಟಿ ಇಳಿಬಿಟ್ಟರೂ ಪಡಸಾಲೆಯ ಉತ್ತರದ ತೆರೆದ ಬದಿಯಿಂದ ಬಿಸಿಲು ಓರೆಯಾಗಿ ನುಗ್ಗುತ್ತದೆ. ಆ ಬದಿಯಲ್ಲಿ ಮೂರು ಅಡಿಯಷ್ಟು ಜಾಲಿ (ಕಿಂಡಿಗಳಿರುವ) ಗೋಡೆ ಕಟ್ಟಿಸಿ. ದಕ್ಷಿಣದ ಬದಿಯನ್ನು ತೆರೆದೇ ಇಡಿ; ಆ ಕಡೆಯಿಂದ ಬರುವುದು ಚಳಿಗಾಲದ ಸಂಜೆಯ ಬಿಸಿಲು, ಅದು ಯಾರಿಗೂ ಹೊರೆಯಲ್ಲ.

ಈಶಾನ್ಯ_ದಿಕ್ಕು (ಬೀದರ್):

ಪಡಸಾಲೆ ಪೂರ್ವಕ್ಕೆ ಅಥವಾ ಉತ್ತರಕ್ಕೆ ಇರಬೇಕೆಂದು ವಾಸ್ತು ಹೇಳುತ್ತದೆ. ಪಶ್ಚಿಮಕ್ಕೆ ಹಗುರವಾದ ಛಾವಣಿ ಹಾಕುವುದು ಮನೆಯ ಯಜಮಾನರಿಗೆ ಒಳ್ಳೆಯದಲ್ಲ. ಒಮ್ಮೆ ಬಲ್ಲವರನ್ನು ಕೇಳಿಯೇ ಮುಂದುವರಿಯಿರಿ.

ನೆರಳು_ಲೆಕ್ಕ:

ಪೂರ್ವದ ಪಡಸಾಲೆ ಸಂಜೆಗೆ ಹಿತ ಎಂಬುದನ್ನು ನಾನೂ ಹೇಳಿದ್ದೇನೆ, ಅಲ್ಲಿಗೆ ನಮ್ಮಿಬ್ಬರ ಮಾತು ಸೇರುತ್ತದೆ. ಆದರೆ ಬಿಸಿಲು ಬೀಳುತ್ತಿರುವ ಗೋಡೆ ಪಶ್ಚಿಮದ್ದು, ಮರೆ ಅಲ್ಲಿಗೇ ಬೇಕು.

ಜೆಪ್ಪು_ಹೆಂಚು (ಮಂಗಳೂರು):

ನಮಸ್ಕಾರ. ಅಗಲದ ಚರ್ಚೆ ಮುಗಿಯಿತೆಂದುಕೊಂಡು ಛಾವಣಿಯ ಬಗ್ಗೆ ಬರೆಯುತ್ತೇನೆ. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದಂದಿನಿಂದ ಮಂಗಳೂರು ಹೆಂಚು ದೇಶದ ಉದ್ದಗಲಕ್ಕೂ ಹೋಗಿದೆ. ನಮ್ಮ ಕಡೆಯ ಚಾವಡಿಗಳ ತಂಪಿಗೆ ಅದೇ ಕಾರಣ. ಹೆಂಚುಗಳ ನಡುವಿನ ಸಂದುಗಳಿಂದ ಬಿಸಿಗಾಳಿ ತಾನಾಗಿ ಮೇಲೆ ಹೋಗುತ್ತದೆ, ಹೆಂಚು ಕಾಂಕ್ರೀಟಿನಷ್ಟು ದಪ್ಪವಲ್ಲದ ಕಾರಣ ಹೊತ್ತು ಮುಳುಗಿದ ಮೇಲೆ ಬೇಗ ಆರುತ್ತದೆ, ಒಂದು ಒಡೆದರೆ ಅದೊಂದನ್ನೇ ಬದಲಿಸಬಹುದು. ಆರ್‌ಸಿಸಿ ಸ್ಲ್ಯಾಬ್ ಹಗಲೆಲ್ಲ ಹೀರಿದ ಶಾಖವನ್ನು ಸರಿಯಾಗಿ ನಿಮ್ಮ ತಾಯಿಯವರು ಕುರ್ಚಿ ಹಾಕಿಕೊಳ್ಳುವ ಹೊತ್ತಿಗೆ ಕೆಳಗೆ ಬಿಡತೊಡಗುತ್ತದೆ. ತಗಡಂತೂ ಬೇಡವೇ ಬೇಡ. ಮರದ ಅಥವಾ ಕಬ್ಬಿಣದ ಪಕಾಸಿಯ ಮೇಲೆ ಹೆಂಚು ಹೊದಿಸಿ, ಕೆಳಗೆ ಒಳಹೆಂಚು ಕೊಡಿ.

ಸೇಡಂ_ಪರಸಿ (ಸೇಡಂ, ಕಲ್ಲಿನ ಕೆಲಸ):

ಅಣ್ಣಾವರೆ, ಹೆಂಚಿನ ತಂಪಿನ ಬಗ್ಗೆ ತಕರಾರಿಲ್ಲ. ಆದರೆ ನಮ್ಮ ಭಾಗದಲ್ಲಿ ಹೆಂಚಿಗೆ ಬಿಸಿಲಿಗಿಂತ ದೊಡ್ಡ ಶತ್ರು ಮಂಗಗಳು. ಒಂದು ಹಿಂಡು ಒಮ್ಮೆ ಛಾವಣಿಯ ಮೇಲೆ ಓಡಾಡಿ ಹೋದರೆ ಹೆಂಚು ಜರುಗಿ, ಮುಂದಿನ ಮಳೆಯಲ್ಲಿ ಎಲ್ಲಿ ಸೋರುತ್ತಿದೆ ಎಂದು ಹುಡುಕುತ್ತ ಏಣಿ ಹತ್ತಬೇಕಾಗುತ್ತದೆ. ಇಲ್ಲಿ ಹೆಂಚು ಕೈಯಾಡಿಸುವ ಕೆಲಸಗಾರರೂ ಸುಲಭಕ್ಕೆ ಸಿಗುವುದಿಲ್ಲ.

ನೆರಳು_ಲೆಕ್ಕ:

ಮಂಗಗಳಿಗಿಂತ ಮೊದಲು ಎತ್ತರದ ಲೆಕ್ಕ ನೋಡಬೇಕು. ಮಂಗಳೂರು ಹೆಂಚಿಗೆ ಕನಿಷ್ಠ 25 ಡಿಗ್ರಿಯಷ್ಟಾದರೂ ಇಳಿಜಾರು ಬೇಕು, ಇಲ್ಲದಿದ್ದರೆ ಗಾಳಿ ಮಳೆ ಹೆಂಚಿನಡಿಗೆ ನುಗ್ಗುತ್ತದೆ. ಎಂಟು ಅಡಿ ಅಗಲಕ್ಕೆ ಆ ಇಳಿಜಾರು ಕೊಟ್ಟರೆ ಮೂರೂಮುಕ್ಕಾಲು ಅಡಿ ಏರುತ್ತದೆ. ಸೂರನ್ನು ಏಳೂವರೆ ಅಡಿಗೆ ಇಳಿಸಿದರೂ ಛಾವಣಿ ಗೋಡೆಯನ್ನು ಸೇರುವುದು ಹನ್ನೊಂದೂಕಾಲು ಅಡಿ ಎತ್ತರದಲ್ಲಿ. ಪಡುವಣ_ಬಾಗಿಲು ಅವರೇ, ನಿಮ್ಮ ಮನೆಯ ಸ್ಲ್ಯಾಬ್ ಹತ್ತು ಅಡಿಗೆ ಇರಬೇಕಲ್ಲವೇ? ಹಾಗಿದ್ದರೆ ಹೆಂಚಿನ ಮಾಡು ಸ್ಲ್ಯಾಬನ್ನು ದಾಟಿ ಪ್ಯಾರಾಪೆಟ್ ಗೋಡೆಗೆ ಹೋಗಿ ತಾಗುತ್ತದೆ. ಅಲ್ಲಿನ ಸಂದನ್ನು ಮಳೆಗಾಲದಲ್ಲಿ ಸೋರದಂತೆ ಉಳಿಸಿಕೊಳ್ಳುವುದು ವರ್ಷವರ್ಷದ ತಲೆನೋವಾಗುತ್ತದೆ. ಹೊಸದಾಗಿ ಮನೆ ಕಟ್ಟುವವರು ಗೋಡೆಯನ್ನೇ ಎತ್ತರಿಸಿಕೊಂಡು ಹೆಂಚು ಹಾಕಬಹುದು. ಕಟ್ಟಿದ ಮನೆಗೆ ಸೇರಿಸುವಾಗ ಕಷ್ಟ.

ಹಾಗಾಗಿ, ಜೆಪ್ಪು_ಹೆಂಚು ಅವರು ಬೇಡವೆಂದ ತಗಡಿನ ಪರವಾಗಿಯೇ ನಾನು ಮಾತನಾಡಬೇಕಾಗಿದೆ. ಸತು ಮತ್ತು ಬಣ್ಣ ಲೇಪಿಸಿದ ಉಕ್ಕಿನ ತಗಡಿಗೆ ಆರೇಳು ಡಿಗ್ರಿ ಇಳಿಜಾರು ಸಾಕು. ಎಂಟು ಅಡಿಗೆ ಹತ್ತು ಹನ್ನೆರಡು ಅಂಗುಲ ಮಾತ್ರ ಏರುತ್ತದೆ. ಬರಿಯ ತಗಡಿನ ಕೆಳಗೆ ಕೂರಲಾಗದು ಎಂಬುದು ನಿಜ. ತಲೆಯ ಮೇಲಿನ ಗಾಳಿ ಬಿಸಿಯಾಗುವುದಕ್ಕಿಂತ ಹೆಚ್ಚಾಗಿ, ಕಾದ ತಗಡಿನ ತಳವೇ ಕೆಳಗೆ ಕುಳಿತವರ ಮೈಮೇಲೆ ನೇರವಾಗಿ ಶಾಖವನ್ನು ಸೂಸುತ್ತದೆ. ಅದಕ್ಕೆ ಪರಿಹಾರ ಎರಡು ಪದರ. ಮೇಲೆ ಬಿಳಿ ಅಥವಾ ತೀರ ತಿಳಿಬಣ್ಣದ ತಗಡು, ಅದರ ಕೆಳಗೆ ನಾಲ್ಕರಿಂದ ಆರು ಅಂಗುಲ ಬಿಟ್ಟು ಬಿದಿರಿನ ಚಾಪೆ ಅಥವಾ ಸಿಮೆಂಟ್ ಬೋರ್ಡಿನ ಒಳಛಾವಣಿ. ನಡುವಿನ ಸಂದು ಸೂರಿನ ಕಡೆಯೂ ಗೋಡೆಯ ಕಡೆಯೂ ತೆರೆದಿರಬೇಕು. ಆಗ ತಗಡಿಗೆ ತಾಗಿ ಕಾದ ಗಾಳಿ ಇಳಿಜಾರಿನ ಉದ್ದಕ್ಕೂ ಏರಿ ಗೋಡೆಯ ಕಡೆಯ ತುದಿಯಿಂದ ಹೊರಬೀಳುತ್ತದೆ. ಎರಡೂ ತುದಿಗೆ ಹಕ್ಕಿ, ಇಲಿ ಸೇರದಂತೆ ಜಾಲರಿ ಕಟ್ಟಿಸಿ. ನಾನು ನೋಡಿರುವ ಬಹುಪಾಲು ಒಳಛಾವಣಿಗಳಲ್ಲಿ ಕೆಲಸಗಾರರು ಚೆಂದಕ್ಕೆಂದು ಈ ತುದಿಗಳನ್ನು ಪಟ್ಟಿ ಹೊಡೆದು ಮುಚ್ಚಿಬಿಟ್ಟಿರುತ್ತಾರೆ, ಅಲ್ಲಿಗೆ ಎರಡು ಪದರಕ್ಕೆ ಸುರಿದ ಹಣವೆಲ್ಲ ವ್ಯರ್ಥ.

ಪಡುವಣ_ಬಾಗಿಲು:

ಸ್ಲ್ಯಾಬಿನ ತಳ ಹತ್ತು ಅಡಿಗೇ ಇದೆ, ಬಾಗಿಲ ಮೇಲೆ ಏಳು ಅಡಿಗೆ ಛಜ್ಜಾ ಕೂಡ ಇದೆ. ಹೆಂಚು ಆಗುವುದಿಲ್ಲವೆಂದು ಒಪ್ಪಿದೆ. ಗುತ್ತಿಗೆದಾರರು ಹೇಳಿದ ಸ್ಲ್ಯಾಬಿನ ಮೇಲೆ ಒಡೆದ ಬಿಳಿ ಟೈಲ್ಸ್ ಹಾಕಿಸಿದರೂ ಬಿಸಿ ಕಡಿಮೆಯಾಗುವುದಿಲ್ಲವೇ? ಮುಂದೆ ಮಹಡಿ ಕಟ್ಟುವಾಗ ಅನುಕೂಲವಾಗುತ್ತದೆ ಎಂದು ಅವರು ಹೇಳುತ್ತಾರೆ.

ಎರೆಭೂಮಿ (ರಾಯಚೂರು, ಸಿವಿಲ್ ಎಂಜಿನಿಯರ್):

ಬಿಸಿ ಖಂಡಿತ ಕಡಿಮೆಯಾಗುತ್ತದೆ. ಆದರೆ ಹಳೆಯ ಸ್ಲ್ಯಾಬಿಗೆ ಸರಳು ಕೂಡಿಸುವುದು ಎಂಬ ಮಾತು ಓದಿದ ಕೂಡಲೇ ಬರೆಯಲು ಕುಳಿತೆ. ದಯವಿಟ್ಟು ಮೊದಲು ಹೇಳಿ: ನಿಮ್ಮ ನಿವೇಶನದ ಮಣ್ಣು ಯಾವುದು?

ಪಡುವಣ_ಬಾಗಿಲು:

ಎರೆಮಣ್ಣು ಸರ್. ಈಗ ಬೇಸಿಗೆಯಲ್ಲಿ ಅಂಗಳದಲ್ಲಿ ಕೈ ತೂರುವಷ್ಟು ಬಿರುಕು ಬಿಟ್ಟಿದೆ. ಮನೆ ಕಟ್ಟುವಾಗ ಐದಾರು ಅಡಿ ಆಳದಲ್ಲಿ ಗರಸು (ಗಟ್ಟಿ ಜಲ್ಲಿಮಣ್ಣು) ಸಿಕ್ಕಿತ್ತು ಎಂದು ತಂದೆಯವರು ಹೇಳುತ್ತಿದ್ದರು.

ಎರೆಭೂಮಿ:

ಅಂದುಕೊಂಡದ್ದು ಸರಿಯಾಯಿತು. ಎರೆಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಕುಗ್ಗುತ್ತದೆ. ಮನೆಯ ಭಾರ ಹೆಚ್ಚು, ಅದರ ಬುನಾದಿ ಗರಸಿನ ಮೇಲೆ ಕುಳಿತಿದೆ. ಆದ್ದರಿಂದ ಮನೆ ಅಲುಗುವುದಿಲ್ಲ. ಪಡಸಾಲೆ ಹಗುರವಾದದ್ದು. ಹಗುರವಲ್ಲವೇ ಎಂದು ಎರಡು ಮೂರು ಅಡಿ ತೋಡಿ ಕಂಬ ನಿಲ್ಲಿಸಿದರೆ, ಆ ಕಂಬಗಳು ಪ್ರತಿ ಮಳೆಗಾಲಕ್ಕೆ ಮೇಲೇಳುತ್ತವೆ, ಪ್ರತಿ ಬೇಸಿಗೆಗೆ ಕೆಳಗಿಳಿಯುತ್ತವೆ. ಒಂದು ತುದಿ ಅಲುಗದ ಮನೆಗೂ ಇನ್ನೊಂದು ತುದಿ ಏರಿಳಿಯುವ ಕಂಬಕ್ಕೂ ಬಿಗಿದಿರುವ ಸ್ಲ್ಯಾಬ್ ಎಲ್ಲಿ ಬಿರಿಯಬೇಕೋ ಅಲ್ಲಿ, ಅಂದರೆ ಕೂಡಿಸಿದ ಜಾಗದಲ್ಲೇ ಬಿರಿಯುತ್ತದೆ. ಆಮೇಲೆ ಆ ಬಿರುಕಿನಿಂದ ಇಳಿಯುವ ನೀರು ಹಳೆಯ ಸ್ಲ್ಯಾಬಿನ ಸರಳಿಗೂ ತುಕ್ಕು ಹಿಡಿಸುತ್ತದೆ. ಭಾರ ಕಡಿಮೆಯಿದ್ದರೆ ಬುನಾದಿಯೂ ಕಡಿಮೆ ಸಾಕು ಎಂಬ ಮಾತು ಕೆಂಪುಮಣ್ಣಿನಲ್ಲಿ ನಡೆಯಬಹುದು, ಎರೆಮಣ್ಣಿನಲ್ಲಿ ಅದು ತಲೆಕೆಳಗು.

ಮೊದಲು ಪಡಸಾಲೆಯ ಎರಡು ಮೂಲೆಗಳಲ್ಲಿ ಪರೀಕ್ಷೆಯ ಗುಂಡಿ ತೋಡಿಸಿ. ತಂದೆಯವರು ಹೇಳಿದಂತೆ ಐದಾರು ಅಡಿಗೆ ಗಟ್ಟಿ ಗರಸು ಸಿಕ್ಕರೆ ಪ್ರತಿ ಕಂಬದ ಬುನಾದಿಯನ್ನೂ ಅಲ್ಲಿಯವರೆಗೆ ಒಯ್ಯಿರಿ. ಸಿಗದಿದ್ದರೆ ತಳದಲ್ಲಿ ಗೆಡ್ಡೆಯಂತೆ ಅಗಲಿಸಿದ ಅಂಡರ್‌ರೀಮ್ಡ್ ಪೈಲ್ ಹಾಕಬೇಕು; ಆಳವಾದ ಎರೆಮಣ್ಣಿನಲ್ಲಿ ಅದರ ಉದ್ದ ಕನಿಷ್ಠ ಮೂರೂವರೆ ಮೀಟರ್ ಇರಬೇಕೆಂದು ಭಾರತೀಯ ಮಾನಕ ಹೇಳುತ್ತದೆ. ಕಂಬಗಳನ್ನು ಕೂಡಿಸುವ ಪ್ಲಿಂತ್ ಬೀಮ್‌ನ ಕೆಳಗೆ ಮೂರು ಅಂಗುಲ ಖಾಲಿ ಜಾಗ ಬಿಡಿಸಿ, ಮಣ್ಣು ಉಬ್ಬಿದಾಗ ಬೀಮನ್ನು ಎತ್ತದಿರಲಿ. ತೋಡಿದ ಎರೆಮಣ್ಣನ್ನೇ ಮತ್ತೆ ತುಂಬಬಾರದು. ನೆಲದ ಕೆಳಗೂ ಎರೆಮಣ್ಣನ್ನು ಎರಡು ಮೂರು ಅಡಿ ತೆಗೆಸಿ, ಗರಸು ತುಂಬಿ, ಆರಾರು ಅಂಗುಲದ ಪದರಕ್ಕೊಮ್ಮೆ ನೀರು ಹಾಕಿ ಧಮ್ಮಸು ಮಾಡಿಸಿ.

ಹಳೆಯ ಗೋಡೆಗೂ ಹೊಸ ಪಡಸಾಲೆಗೂ ಎಲ್ಲಿಯೂ ಬಿಗಿತ ಬೇಡ. ಗೋಡೆಯ ಪಕ್ಕದಲ್ಲೂ ಪ್ರತ್ಯೇಕ ಕಂಬಸಾಲು ನಿಲ್ಲಿಸಿ, ನಡುವೆ ಅರ್ಧ ಅಂಗುಲ ಸಂದು ಬಿಟ್ಟು, ಮೇಲೆ ಬಾಗಿಸಿದ ತಗಡಿನ ಪಟ್ಟಿಯಿಂದ ಮುಚ್ಚಿದರೆ ನೀರು ಇಳಿಯುವುದಿಲ್ಲ, ಎರಡೂ ತಮ್ಮ ಪಾಡಿಗೆ ತಾವು ಅಲುಗಾಡಿಕೊಂಡಿರುತ್ತವೆ. ಮಹಡಿ ಕಟ್ಟುವಾಗ ಅನುಕೂಲ ಎಂಬ ಮಾತಿಗೆ ಮಹಡಿಯ ಭಾರಕ್ಕೆ ಲೆಕ್ಕ ಹಾಕಿದ ನಕ್ಷೆಯನ್ನು ತೋರಿಸಲು ಹೇಳಿ. ನಕ್ಷೆ ಇಲ್ಲದಿದ್ದರೆ ಆ ಮಾತಿಗೆ ಬೆಲೆ ಇಲ್ಲ.

ತಗಡು ಹಾಕುವುದಾದರೆ ಗಾಳಿಯನ್ನೂ ಮರೆಯಬೇಡಿ. ಮೂರು ಕಡೆ ತೆರೆದ ಪಡಸಾಲೆಯೊಳಗೆ ನುಗ್ಗಿದ ಗಾಳಿ ಛಾವಣಿಯನ್ನು ಕೆಳಗಿನಿಂದ ಎತ್ತುತ್ತದೆ. ಮುಂಗಾರಿಗೆ ಮುಂಚಿನ ಗುಡುಗುಮಳೆಯಲ್ಲಿ ಪತ್ರಾಸ್ (ತಗಡು) ಹಾರಿಹೋಗುವುದು ಇದರಿಂದಲೇ. ತಗಡನ್ನು ಪರ್ಲಿನ್‌ಗೆ (ತಗಡನ್ನು ಹೊರುವ ಅಡ್ಡಪಟ್ಟಿಗೆ), ಪರ್ಲಿನ್ ಅನ್ನು ಕಂಬಕ್ಕೆ, ಕಂಬವನ್ನು ಬೋಲ್ಟ್ ಹೂತು ಬುನಾದಿಗೆ ಬಿಗಿಯಬೇಕು. ಇಲ್ಲಿ ಬುನಾದಿಯ ಕೆಲಸ ಭಾರ ಹೊರುವುದಷ್ಟೇ ಅಲ್ಲ, ಛಾವಣಿಯನ್ನು ಹಿಡಿದಿಡುವುದೂ ಹೌದು.

ಸೇಡಂ_ಪರಸಿ:

ಎಂಜಿನಿಯರ್ ಸಾಹೇಬರ ಮಾತು ನೂರಕ್ಕೆ ನೂರು ಸರಿ. ನಮ್ಮ ಕಡೆ ಹಳೆಯ ಮನೆಗಳಲ್ಲಿ ಗರ್ಡರ್ ಇಟ್ಟು, ಮೇಲೆ ಪರಸಿ (ಕಲ್ಲುಚಪ್ಪಡಿ) ಹಾಸಿ, ಗಚ್ಚು ಹಾಕಿದ ಛಾವಣಿಗಳಿವೆ. ಅದು ಇಷ್ಟವಾದರೆ ಮಾಡಿಕೊಡುವ ಗೌಂಡಿಗಳು ಈಗಲೂ ಇದ್ದಾರೆ, ಆದರೆ ಭಾರ ಬಹಳ. ನಿಮ್ಮ ಮಣ್ಣಿಗೆ ಮತ್ತು ಸಂಜೆಯ ತಂಪಿಗೆ ಅದೂ ಸ್ಲ್ಯಾಬಿನ ಜಾತಿಯದೇ.

ನೆಲಕ್ಕೆ ಮಾತ್ರ ಬೇರೆ ಏನನ್ನೂ ಯೋಚಿಸಬೇಡಿ, ಶಹಾಬಾದ್ ಕಲ್ಲನ್ನೇ ಹಾಸಿ. ಶಹಾಬಾದ್, ಚಿತ್ತಾಪುರ, ಸೇಡಂ ಸುತ್ತ ಸಿಗುವ ಈ ಪದರಗಲ್ಲು ಮನೆ ಬಾಗಿಲಿನ ಸರಕು. ಎರಡು ಅಡಿ ಚೌಕದ, ಒಂದೂಕಾಲು ಅಂಗುಲ ದಪ್ಪದ ಕಲ್ಲು ಆರಿಸಿಕೊಳ್ಳಿ. ತಾಯಿಯವರು ಓಡಾಡುವ ಜಾಗವಾದ್ದರಿಂದ ಕನ್ನಡಿಯಂತೆ ಪಾಲಿಶ್ ಮಾಡಿಸಬೇಡಿ, ಒದ್ದೆಯಾದರೆ ಜಾರುತ್ತದೆ. ಇದು ಸುಣ್ಣದ ಕಲ್ಲು. ನಿಂಬೆ, ಹುಣಸೆ ಹುಳಿ ಬಿದ್ದರೆ ಕಲೆ ಉಳಿಯುತ್ತದೆ, ಆಸಿಡ್ ಹಾಕಿ ತೊಳೆಯುವುದಂತೂ ಸಲ್ಲದು. ಎಂಟು ಅಡಿಗೆ ಒಂದು ಅಂಗುಲದಷ್ಟು ಇಳಿಜಾರನ್ನು ಅಂಗಳದ ಕಡೆಗೆ ಕೊಡಿಸಿ, ಏಕೆಂದರೆ ಪಶ್ಚಿಮದಿಂದ ಹೊಡೆಯುವ ಮಳೆ ಒಳಗೆ ಬಂದೇ ಬರುತ್ತದೆ. ಹೊರ ಅಂಚಿನ ಎರಡು ಅಡಿ ಪಟ್ಟಿ ಬಿಸಿಲಿಗೆ ಕಾದು ಬರಿಗಾಲು ಇಡಲಾಗದಂತಾಗುತ್ತದೆ. ಅಲ್ಲಿ ಕಟ್ಟೆ ಕಟ್ಟಿಬಿಟ್ಟರೆ ಕಾಲಿಗೆ ಸಿಗುವುದೂ ಇಲ್ಲ, ಕುಳಿತುಕೊಳ್ಳಲೂ ಆಗುತ್ತದೆ. ಕಟ್ಟೆ ಹದಿನೆಂಟು ಅಂಗುಲ ಎತ್ತರವಿರಲಿ, ವಯಸ್ಸಾದವರಿಗೆ ಅದಕ್ಕಿಂತ ತಗ್ಗಾದರೆ ಏಳುವುದು ಕಷ್ಟ.

ಬೇವಿನ_ನೆರಳು (ಲಿಂಗಸುಗೂರು):

ಎಲ್ಲರೂ ಕಲ್ಲು, ಕಬ್ಬಿಣದ ಬಗ್ಗೆ ಮಾತನಾಡುತ್ತಿದ್ದೀರಿ. ಕಾಂಪೌಂಡ್ ಪಕ್ಕದಲ್ಲಿ ಒಂದು ಬೇವಿನ ಗಿಡ ನೆಟ್ಟರೆ ಪಶ್ಚಿಮದ ಬಿಸಿಲಿಗೆ ಅದಕ್ಕಿಂತ ಒಳ್ಳೆಯ ಮರೆ ಯಾವುದಿದೆ? ಬೇವು, ಹೊಂಗೆ ಎರಡೂ ಬೇಸಿಗೆಯ ಆರಂಭದಲ್ಲಿ ಎಲೆ ಉದುರಿಸಿದರೂ ಏಪ್ರಿಲ್ ಹೊತ್ತಿಗೆ ಚಿಗುರಿ ತುಂಬಿಕೊಂಡಿರುತ್ತವೆ. ಬಿಸಿಲು ಕಡುವಾದಷ್ಟೂ ನೆರಳು ದಟ್ಟ.

ಎರೆಭೂಮಿ:

ಅಕ್ಕಾ, ಮರ ಬೇಡ ಎನ್ನಲು ನನಗೂ ಮನಸ್ಸಿಲ್ಲ. ಆದರೆ ಎರೆಮಣ್ಣಿನಲ್ಲಿ ದೊಡ್ಡ ಮರದ ಬೇರು ಬುನಾದಿಯ ಕೆಳಗಿನ ತೇವವನ್ನು ಹೀರಿ, ಆ ಒಂದು ಮೂಲೆಯ ಮಣ್ಣನ್ನಷ್ಟೇ ಕುಗ್ಗಿಸುತ್ತದೆ. ಮರ ಎಷ್ಟು ಎತ್ತರ ಬೆಳೆಯುತ್ತದೆಯೋ ಬುನಾದಿಯಿಂದ ಅಷ್ಟು ದೂರ ನೆಡುವುದು ಎರೆಮಣ್ಣಿನಲ್ಲಿ ಕ್ಷೇಮ. ಎಂಟು ಅಡಿ ಪಡಸಾಲೆಗೆ ಹೋದ ಮೇಲೆ ಇವರಲ್ಲಿ ಉಳಿಯುವುದು ಏಳೇ ಅಡಿ.

ಬೇವಿನ_ನೆರಳು:

ಹಾಗಾದರೆ ಬಳ್ಳಿಯನ್ನು ಹಬ್ಬಿಸಲಿ. ನಮ್ಮ ಮನೆಯಲ್ಲಿ ಪಶ್ಚಿಮದ ತಂತಿಯ ಮೇಲೆ ಹಬ್ಬಿದ ರಂಗೂನ್ ಮಲ್ಲಿಗೆ ಬಿರುಬೇಸಿಗೆಯಲ್ಲೂ ಹಸಿರಾಗಿ ಹೂ ಬಿಡುತ್ತದೆ. ಕುಂಡದಲ್ಲಿಟ್ಟರೆ ಹಬ್ಬುವುದು ಕಡಿಮೆ, ಆದರೆ ಬುನಾದಿಯ ಪಕ್ಕ ದಿನವೂ ನೀರು ಹಾಕುವುದನ್ನು ಎಂಜಿನಿಯರ್ ಅವರು ಒಪ್ಪಲಿಕ್ಕಿಲ್ಲ. ಕಾಂಪೌಂಡಿಗೆ ತಾಗಿ ನೆಟ್ಟು, ಅಲ್ಲಿಂದ ಸೂರಿನವರೆಗೆ ತಂತಿ ಎಳೆದರೆ ಹೇಗೆ?

ಎರೆಭೂಮಿ:

ಅದು ಆಗಬಹುದು. ಪಡಸಾಲೆಯ ಸುತ್ತ ನಾಲ್ಕು ಅಡಿ ಅಗಲಕ್ಕೆ ಹೊರಗಡೆ ಇಳಿಜಾರಾಗಿ ಪರಸಿ ಹಾಸಿ, ಸಂದುಗಳನ್ನು ಸಿಮೆಂಟಿನಿಂದ ತುಂಬಿಸಿ. ಆಗ ಬುನಾದಿಯ ಪಕ್ಕದ ಮಣ್ಣಿನ ತೇವ ವರ್ಷವಿಡೀ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುತ್ತದೆ. ಅದರಾಚೆಗಿನ ಮೂರು ಅಡಿ ಮಣ್ಣಿನಲ್ಲಿ ಬಳ್ಳಿ ಬೆಳೆಯಲಿ.

ನೆರಳು_ಲೆಕ್ಕ:

ಆ ಮೂರು ಅಡಿಯನ್ನು ಮಣ್ಣಾಗಿಯೇ ಉಳಿಸಿಕೊಳ್ಳಿ ಎಂದು ನಾನೂ ಹೇಳುತ್ತೇನೆ. ಅಂಗಳವನ್ನೆಲ್ಲ ಪೇವರ್ ಬ್ಲಾಕ್ ಹಾಕಿ ಮುಚ್ಚಿದರೆ ಅದು ಹಗಲೆಲ್ಲ ಕಾದು, ಛಾವಣಿಯ ಕೆಳಗೆ ನೆರಳಲ್ಲಿ ಕುಳಿತವರಿಗೂ ಎದುರಿನಿಂದ ಝಳ ಹೊಡೆಯುತ್ತದೆ.

ಪಡುವಣ_ಬಾಗಿಲು:

ತಟ್ಟಿಯ ಬಗ್ಗೆ ಒಂದು ಸಂದೇಹ. ಹಸಿರು ಶೇಡ್ ನೆಟ್ ಅಗ್ಗವಾಗಿ ಸಿಗುತ್ತದೆ. ಲಾವಂಚದ ತಟ್ಟಿಗೆ ನೀರು ಚಿಮುಕಿಸುತ್ತಿದ್ದ ಕಾಲವನ್ನು ತಾಯಿಯವರು ನೆನೆಸಿಕೊಳ್ಳುತ್ತಾರೆ. ಯಾವುದು ಒಳ್ಳೆಯದು?

ನೆರಳು_ಲೆಕ್ಕ:

ತಾಯಿಯವರ ನೆನಪು ಶಾಸ್ತ್ರಸಮ್ಮತವಾಗಿದೆ. ನಿಮ್ಮಲ್ಲಿ ಬೇಸಿಗೆಯ ಮಧ್ಯಾಹ್ನ ಗಾಳಿ ತೀರ ಒಣಗಿರುತ್ತದೆ; ಒದ್ದೆಯಾದ ಲಾವಂಚದ ಮೂಲಕ ಹಾಯುವಾಗ ಆ ಗಾಳಿ ನೀರನ್ನು ಆವಿಯಾಗಿಸಿ ತಾನು ತಣ್ಣಗಾಗುತ್ತದೆ. ಗಾಳಿಯೂ ಪಶ್ಚಿಮದಿಂದಲೇ ಬೀಸುವ ದಿನಗಳಲ್ಲಿ ಅದರ ಸುಖ ಬೇರೆಯೇ. ಆದರೆ ದಿನಕ್ಕೆ ಹಲವು ಸಲ ನೀರು ಹಾಕಬೇಕು, ತಟ್ಟಿಯನ್ನು ಒಂದೆರಡು ಬೇಸಿಗೆಗೊಮ್ಮೆ ಬದಲಿಸಬೇಕು. ಇಪ್ಪತ್ನಾಲ್ಕು ಅಡಿಗೂ ಲಾವಂಚ ಬೇಡ; ತಾಯಿಯವರು ಕೂರುವ ಎಂಟು ಅಡಿಯ ಒಂದು ಅಂಕಣಕ್ಕೆ ಹಾಕಿ, ಉಳಿದೆರಡಕ್ಕೆ ಸುತ್ತಿ ಮೇಲೇರಿಸುವ ಬಿದಿರಿನ ತಟ್ಟಿ ಕಟ್ಟಿಸಿ. ಶೇಡ್ ನೆಟ್ಟಿನಲ್ಲಿ ಬಿಸಿಲು ಸೋಸಿ ಬರುತ್ತದೆ, ಪೂರ್ತಿ ತಡೆಯುವುದಿಲ್ಲ. 75 ಪ್ರತಿಶತದ್ದನ್ನು ತಂದರೆ ಕಾಲು ಭಾಗ ಬಿಸಿಲು ಒಳಗೇ ಬೀಳುತ್ತದೆ. ಆ ಹಸಿರು ಬೆಳಕಿನಲ್ಲಿ ಎಲ್ಲರ ಮುಖವೂ ಕಾಯಿಲೆ ಬಿದ್ದವರಂತೆ ಕಾಣುತ್ತದೆ ಎಂಬುದು ನನ್ನ ಸ್ವಂತ ದೂರು.

ಜೆಪ್ಪು_ಹೆಂಚು:

ಇದನ್ನು ಓದುತ್ತಿರುವ ಕರಾವಳಿಯವರು ಲಾವಂಚ ತರಲು ಅಂಗಡಿಗೆ ಓಡಬೇಡಿ. ನಮ್ಮಲ್ಲಿ ಗಾಳಿ ಮೊದಲೇ ತೇವದಿಂದ ತುಂಬಿರುವುದರಿಂದ ಒದ್ದೆ ತಟ್ಟಿಯಿಂದ ಸೆಕೆ ಹೆಚ್ಚುತ್ತದೆಯೇ ಹೊರತು ತಂಪಾಗುವುದಿಲ್ಲ. ನಮಗೆ ಬೇಕಾದದ್ದು ತಡೆಯಿಲ್ಲದೆ ಹಾಯುವ ಗಾಳಿ.

ಪಡುವಣ_ಬಾಗಿಲು:

ಇಲ್ಲಿಯವರೆಗಿನ ಸಲಹೆಗಳನ್ನು ಮನೆಯಲ್ಲಿ ಚರ್ಚಿಸಿ ಹೀಗೆ ಮಾಡುವುದೆಂದುಕೊಂಡಿದ್ದೇವೆ. 24 ಅಡಿ ಉದ್ದ, 8 ಅಡಿ ಅಗಲ, ಎಂಟೆಂಟು ಅಡಿಯ ಮೂರು ಅಂಕಣ. ಬಿಳಿ ತಗಡು ಮತ್ತು ಬಿದಿರಿನ ಚಾಪೆಯ ಒಳಛಾವಣಿ. ಉತ್ತರಕ್ಕೆ ಜಾಲಿ, ಪಶ್ಚಿಮಕ್ಕೆ ಮೆಟ್ಟಿಲಿನ ಜಾಗ ಬಿಟ್ಟು ಕಟ್ಟೆ. ಪರೀಕ್ಷೆಯ ಗುಂಡಿಗಳಲ್ಲಿ ಒಂದರಲ್ಲಿ ಐದು ಅಡಿಗೆ, ಇನ್ನೊಂದರಲ್ಲಿ ಆರೂವರೆ ಅಡಿಗೆ ಗರಸು ಸಿಕ್ಕಿದೆ. ಮೊದಲಿನ ಗುತ್ತಿಗೆದಾರರು ಇದಕ್ಕೆ ಒಪ್ಪಲಿಲ್ಲ, ಬೇರೆಯವರನ್ನು ನೋಡುತ್ತಿದ್ದೇವೆ. ಹಾಗೆಯೇ ಪರವಾನಗಿಯ ಬಗ್ಗೆ ಮತ್ತು ಛಾವಣಿಯ ನೀರಿನ ಬಗ್ಗೆ ತಿಳಿಸಿ. ಮೂಲೆಯ ಎರಡು ಕಂಬಗಳ ಪಕ್ಕದಲ್ಲಿ ಪೈಪ್ ಇಳಿಸಿ ಅಂಗಳಕ್ಕೆ ಬಿಟ್ಟರೆ ಬಳ್ಳಿಗೂ ನೀರಾಗುತ್ತದೆ ಎಂದುಕೊಂಡಿದ್ದೇವೆ.

ಎರೆಭೂಮಿ:

ಎರಡೂ ಗುಂಡಿಗಳ ಆಳ ಬೇರೆ ಇದ್ದರೂ ಚಿಂತೆಯಿಲ್ಲ, ಪ್ರತಿ ಬುನಾದಿಯೂ ಗರಸಿನೊಳಗೆ ಆರು ಅಂಗುಲ ಇಳಿದಿರಲಿ. ಪರವಾನಗಿಗೆ ಪಾಲಿಕೆಯ ಕಚೇರಿಯಲ್ಲಿ ನಕ್ಷೆ ತೋರಿಸಿಯೇ ಕೆಲಸ ಆರಂಭಿಸಿ. ಮುಂದೆ ಬಿಡಬೇಕಾದ ಖಾಲಿ ಜಾಗದಲ್ಲಿ ಕಂಬ ನಿಲ್ಲಿಸಿದ ಛಾವಣಿಯನ್ನು ಅವರು ಹೇಗೆ ಎಣಿಸುತ್ತಾರೆ ಎಂಬುದನ್ನು ಬರಹದಲ್ಲೇ ಪಡೆಯಿರಿ.

ಪೈಪನ್ನು ಮಾತ್ರ ನೀವು ಹೇಳಿದಂತೆ ಬಿಡಬೇಡಿ. ನಿಮ್ಮ ಛಾವಣಿ 192 ಚದರ ಅಡಿ. ಒಂದು ಜೋರು ಮಳೆಯಲ್ಲಿ 50 ಮಿಲಿಮೀಟರ್ ಸುರಿದರೆ ಅದರಿಂದ ಇಳಿಯುವುದು 890 ಲೀಟರಿನಷ್ಟು ನೀರು, ಅದೂ ಎರಡೇ ಮೂಲೆಗಳಲ್ಲಿ. ಆ ನೀರನ್ನು ಕಂಬದ ಬುಡಕ್ಕೆ ಸುರಿದರೆ ಆ ಎರಡು ಮೂಲೆಗಳ ಮಣ್ಣು ಮಾತ್ರ ಉಬ್ಬಿ, ಮೊದಲು ನಾಲ್ಕು ಅಡಿಯ ಹಾಸು, ಆಮೇಲೆ ನೆಲದ ಪರಸಿ ಏಳುತ್ತವೆ. ಸೂರಿನ ದೋಣಿಯನ್ನು ಒಂದೇ ಕಡೆಗೆ, ದಕ್ಷಿಣದ ತುದಿಗೆ ಇಳಿಜಾರು ಮಾಡಿಸಿ, ನಾಲ್ಕು ಅಂಗುಲದ ಪೈಪಿನಲ್ಲಿ ನೀರನ್ನು ಹಾಸಿನ ಆಚೆಗೆ ಒಯ್ದು ನೀರಿನ ಸಂಪ್‌ಗೆ (ನೆಲದಡಿಯ ತೊಟ್ಟಿಗೆ) ಸೇರಿಸಿ. ಮೊದಲ ಮಳೆಯ ಧೂಳಿನ ನೀರನ್ನು ಹೊರಬಿಡಲು ಪೈಪಿಗೆ ಒಂದು ಕವಲು ಮತ್ತು ಮುಚ್ಚಳ ಇರಲಿ. ಬಳ್ಳಿಗೆ ಸಂಪಿನಿಂದಲೇ ಬಕೆಟ್‌ನಲ್ಲಿ ಹಾಕಿಕೊಳ್ಳಿ.